ಮೈ ತುಂಬಿದವಳ ಮೂರನೆಯ ಬಸಿರು

ಎರಡನೆಯ ಬಸಿರೂ ಇಳಿದುಹೋದ ಮೇಲೆ ನನಗೆ ಅರಿಶಿನ ಕುಂಕುಮಕ್ಕೆ ಹೋಗುವುದೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ಹೊಳಲ್ಕೆರೆಯ ನಮ್ಮ ಬೀದಿಯ ಹೆಂಗಸರು ಕೆಟ್ಟವರಲ್ಲ. ಯಾರೂ ನನ್ನನ್ನು ಬಂಜೆ ಎನ್ನಲಿಲ್ಲ. ಕುಂಕುಮ ಹಚ್ಚುತ್ತಾ ನನ್ನ ತೋಳು ಮುಟ್ಟಿ, “ಮೈ ಏನ್ ಚೆಂದ ತುಂಬ್ಕಂಡೈತೆ ಹಾಲಮ್ಮಂಗೆ! ಹೊಟ್ಟೆ ಒಂದು ನಿಂತ್ರೆ ಸಾಕು ನೋಡ್ರಿ,” ಎನ್ನುತ್ತಿದ್ದರು.

ಆಗ ಹಿರಿಯೂರಿನ ಕಡೆ ಮಾರಿಕಣಿವೆಯ ಕಟ್ಟೆ ಏಳುತ್ತಿತ್ತು. ನನ್ನ ತವರು ಅಲ್ಲೇ ಹತ್ತಿರದ ಆದಿವಾಲ. ನನ್ನ ಅಣ್ಣ ಎತ್ತಿನ ಗಾಡಿ ಕಟ್ಟಿಕೊಂಡು ಕಟ್ಟೆ ಕೆಲಸಕ್ಕೆ ಕಲ್ಲು ಸಾಗಿಸುತ್ತಿದ್ದ. ನಮ್ಮವ್ವ ಪ್ಲೇಗಿನಲ್ಲಿ ಹೋಗಿಬಿಟ್ಟಿದ್ದಳು. ಹಾಗಾಗಿ ಹೊಳಲ್ಕೆರೆಗೆ ಸೊಸೆಯಾಗಿ ಬಂದ ನನಗೆ ತಾಯಿ ಅಂದರೂ ಅತ್ತೆ ಅಂದರೂ ಒಬ್ಬರೇ, ಕೊಟ್ರಮ್ಮನವರು. ಮದುವೆಯಲ್ಲಿ ನಾನು ಕಡ್ಡಿಯಂತಿದ್ದೆ. ಧಾರೆ ಸೀರೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮತ್ತೆ ನನ್ನ ಮುಂಗೈ ಹಿಡಿದು ನೋಡಿ, “ಅಯ್ಯೋ ಶಿವನೇ, ಈ ಕೂಸಿಗೆ ಯಾರೂ ಅನ್ನ ಹಾಕಿಲ್ಲ,” ಎಂದವರು, ಅಂದಿನಿಂದ ನನಗೆ ಉಣಿಸುವುದನ್ನೇ ಒಂದು ವ್ರತ ಮಾಡಿಕೊಂಡರು.

ಮೊದಲ ಬಸಿರು ಮೂರನೆಯ ತಿಂಗಳಲ್ಲಿ ಇಳಿಯಿತು. ಮೈಯಲ್ಲಿ ಶಕ್ತಿ ಇಲ್ಲದ್ದಕ್ಕೆ ನಿಲ್ಲಲಿಲ್ಲ ಎಂದು ಅತ್ತೆ ತೀರ್ಮಾನಿಸಿದರು. ಅಂಟಿನುಂಡೆ, ಕೊಬ್ಬರಿ ಬೆಲ್ಲ, ಬಿಸಿ ಅನ್ನದ ಮೇಲೆ ಕೈ ಮುಳುಗುವಷ್ಟು ತುಪ್ಪ. ನಾನು ಹಿತ್ತಲಿಗೂ ನಡೆಯದಂತೆ ನೋಡಿಕೊಂಡರು. ಎರಡನೆಯದು ನಾಲ್ಕು ತುಂಬಿದ ಮೇಲೆ ಹೋಯಿತು. ಅದಕ್ಕೆ ಬೆರಳುಗಳಿದ್ದವು. ಅತ್ತೆ ಬಟ್ಟೆ ಮುಚ್ಚುವುದರೊಳಗೆ ನಾನು ನೋಡಿಬಿಟ್ಟಿದ್ದೆ. ಆಮೇಲೆ ತುಪ್ಪ ಇನ್ನೂ ಹೆಚ್ಚಾಯಿತು. ನಾನೂ ಬೇಡ ಎನ್ನಲಿಲ್ಲ. ಉಣ್ಣುವಷ್ಟು ಹೊತ್ತು ಯೋಚನೆ ಬರುತ್ತಿರಲಿಲ್ಲ. ಮೈ ಬೆಳೆಯಿತು. ಬಳೆಗಾರ ಬಂದರೆ ದೊಡ್ಡ ಸುತ್ತಿನ ಬಳೆಯನ್ನೂ ಸೋಪಿನ ನೀರು ಹಾಕಿ ಏರಿಸಬೇಕಾಗುತ್ತಿತ್ತು. ಅಟ್ಟದ ಏಣಿ ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮುಟ್ಟು ತಿಂಗಳುಗಟ್ಟಲೆ ನಿಂತು ಮತ್ತೆ ಬರುತ್ತಿತ್ತು. ಪ್ರತಿಸಲವೂ ಮನೆಯಲ್ಲಿ ಆಸೆ ಎದ್ದು ಮತ್ತೆ ಕೂರುತ್ತಿತ್ತು.

ಮೂರನೆಯ ಸಲ ನಾನು ಯಾರಿಗೂ ಹೇಳಲಿಲ್ಲ. ವಾಂತಿ ಬಂದರೆ ದನದ ಕೊಟ್ಟಿಗೆಗೆ ಹೋಗುತ್ತಿದ್ದೆ. ಹೇಳಿದರೆ ಅದು ಹೋಗಿಬಿಡುತ್ತದೆ ಎಂಬ ಹುಚ್ಚು ನಂಬಿಕೆ. ಒಂದು ದಿನ ನಮ್ಮ ಯಜಮಾನರು ಊಟಕ್ಕೆ ಕೂತವರು ನನ್ನ ಮುಖ ನೋಡಿ ಕೈ ತೊಳೆದರು. ಅವರು ಎಳ್ಳು, ಹರಳು ಬೀಜ, ಹತ್ತಿ ವ್ಯಾಪಾರದ ಮಂಡಿ ನಡೆಸುತ್ತಿದ್ದರು. ಮಾತು ಬಹಳ ಕಡಿಮೆ.

“ಎಷ್ಟ್ ತಿಂಗಳು?” ಎಂದರು.

ನಾನು ಅತ್ತುಬಿಟ್ಟೆ.

“ಅಳಬ್ಯಾಡ. ದುರ್ಗದ ಆಸ್ಪತ್ರೆಗೆ ಒಬ್ಬ ಲೇಡಿ ಡಾಕ್ಟರು ಬಂದವ್ರಂತೆ. ಹೋಗಾಣ.”

ಅತ್ತೆ ಒಳಗಿನಿಂದಲೇ ಕೂಗಿದರು. “ಆಸ್ಪತ್ರೆಗಾ? ಸಾಯಾರು ಹೋಗೋ ಜಾಗ ಅದು. ಬಸುರಿ ಹೆಂಗಸನ್ನ ಅಲ್ಲಿಗೆ ಕರ್ಕಂಡು ಹೋಗ್ತೀಯೇನೋ?”

“ಎರಡ್ ಸಲ ಮನ್ಯಾಗೇ ಇಟ್ಕಂಡಿದ್ವಲ್ಲವ್ವ,” ಎಂದರು ಯಜಮಾನರು. ಮಾರನೆಯ ದಿನ ಗಾಡಿಯಲ್ಲಿ ನನಗಿಂತ ಮೊದಲು ಅತ್ತೆಯೇ ಹತ್ತಿ ಕೂತಿದ್ದರು, ತೊಡೆಯ ಮೇಲೆ ಬುತ್ತಿಯ ಗಂಟು ಇಟ್ಟುಕೊಂಡು.

ಆಗ ನಮ್ಮೂರ ಸ್ಟೇಷನ್ನಿನಿಂದ ರೈಲು ಬೆಂಗಳೂರಿಗೆ ಹೋಗುತ್ತಿತ್ತು, ಹರಿಹರಕ್ಕೆ ಹೋಗುತ್ತಿತ್ತು. ಪಕ್ಕದ ದುರ್ಗಕ್ಕೆ ಮಾತ್ರ ಗಾಡಿಯೇ ಗತಿ. ಮೆತ್ತನೆಯ ಹುಲ್ಲು ಹಾಸಿ, ಮೇಲೆ ಎರಡು ಕೌದಿ ಹಾಕಿ ನನ್ನನ್ನು ಮಲಗಿಸಿದ್ದರು. ಚಕ್ರ ಒಂದು ಕಲ್ಲು ಹತ್ತಿ ಇಳಿದರೂ ನಾನು ತೊಡೆ ಬಿಗಿ ಹಿಡಿಯುತ್ತಿದ್ದೆ. ಹಾಗೆ ಹಿಡಿದರೆ ಕೂಸು ಉಳಿಯುತ್ತದೆ ಎನ್ನುವಂತೆ. ಕೋಟೆಯ ಬೆಟ್ಟ ಕಾಣುವ ಹೊತ್ತಿಗೆ ನನ್ನ ಕಾಲು ಮರಗಟ್ಟಿದ್ದವು.

ಆಸ್ಪತ್ರೆಯ ಜಗಲಿಯಲ್ಲಿ ಒಂದು ಉದ್ದನೆಯ ಬೆಂಚು. ಫಿನೈಲಿನ ವಾಸನೆ. ಒಳಗಡೆ ಯಾರೋ ನರಳುತ್ತಿದ್ದರು, ಮತ್ತೆ ನಿಲ್ಲಿಸುತ್ತಿದ್ದರು. ನಿಲ್ಲಿಸಿದಾಗಲೇ ನನಗೆ ಹೆಚ್ಚು ಹೆದರಿಕೆ. ನಾನು ಕೂತದ್ದಕ್ಕೆ ಬೆಂಚು ಕಿರ್ ಎಂದಿತು. ಆ ತುದಿಯಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡಿದಳು. ಕರಿ ಕಂಬಳಿ ಹೊದ್ದಿದ್ದಳು. ಕತ್ತಿನ ಮೂಳೆಗಳು ಎದ್ದು ಕಾಣುತ್ತಿದ್ದವು. ನನ್ನ ಅರ್ಧವೂ ಇರಲಿಲ್ಲ.

“ಎಷ್ಟನೇದಕ್ಕವ್ವ?” ಎಂದು ಕೇಳಿದಳು.

“ಮೂರನೇದು,” ಎಂದೆ.

“ಮಕ್ಕಳು ಎಷ್ಟು?”

ನಾನು ಇಲ್ಲವೆಂದು ತಲೆ ಆಡಿಸಿದೆ. ಅವಳು ಕಂಬಳಿ ಎಳೆದುಕೊಂಡು, “ನಂದೂ ಹಂಗೇನೆ,” ಎಂದಳು.

ಅವಳ ಹೆಸರು ಮಾಳಮ್ಮ. ರಾಮಗಿರಿಯ ಕಡೆಯ ಕುರಿ ಸಾಕುವವರು. ಗಂಡ ಕಂಬಳಿ ಮಾರಲು ದುರ್ಗಕ್ಕೆ ಬರುವಾಗ ಇವಳನ್ನೂ ಕರೆತಂದಿದ್ದ. ಕುರಿಗಳ ಹಿಂದೆ ಇಡೀ ದಿನ ನಡೆಯುತ್ತಿದ್ದಳು, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ನಾನು ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಒಂದೇ ಬೆಂಚಿನ ಮೇಲೆ ಹಾಗೆ ಕೂತಿದ್ದೆವು. ಅವಳು ನನ್ನ ಕೈಯನ್ನೂ ನಾನು ಅವಳ ಕೈಯನ್ನೂ ನೋಡುತ್ತಿದ್ದೆವು. ಇವಳಷ್ಟು ಸಣ್ಣಗಿದ್ದಿದ್ದರೆ ನನ್ನದು ಉಳಿಯುತ್ತಿತ್ತೇನೋ ಎಂದುಕೊಂಡೆ. ಅವಳೂ ಅದನ್ನೇ ತಿರುವಿ ಯೋಚಿಸುತ್ತಿದ್ದಳು ಎಂದು ಆಮೇಲೆ ಅವಳೇ ಹೇಳಿದಳು.

ಡಾಕ್ಟರಮ್ಮ ಮದರಾಸಿನ ಕಡೆಯವರು. ಕನ್ನಡವನ್ನು ಅಳೆದು ಅಳೆದು ಆಡುತ್ತಿದ್ದರು. ಅವರ ಕೈ ತಣ್ಣಗಿತ್ತು. ಹೊಟ್ಟೆ ಒತ್ತಿ ನೋಡಿದರು, ಕಾಲು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ ಕೈ ತೊಳೆಯುತ್ತಾ ನನ್ನ ಕಡೆ ಬೆನ್ನು ಮಾಡಿ ಹೇಳಿದರು:

“ನಿಮ್ಮ ಮೈ ಬಹಳ ಭಾರ ಆಗಿದೆ. ಇಷ್ಟು ಭಾರದ ಮೈಯಲ್ಲಿ ಬಸಿರು ನಿಲ್ಲುವುದು ಕಷ್ಟ. ನಿಂತರೂ ಹೆರಿಗೆಯಲ್ಲಿ ಕಷ್ಟ. ಇನ್ನು ಮೇಲೆ ಇನ್ನೂ ಏರಬಾರದು.”

“ಅಂದ್ರೆ?” ಎಂದರು ನಮ್ಮತ್ತೆ.

“ತುಪ್ಪ, ಬೆಲ್ಲ, ಉಂಡೆ ನಿಲ್ಲಿಸಿ. ಮುದ್ದೆ, ಕಾಳು, ಸೊಪ್ಪು, ಮಜ್ಜಿಗೆ ಸಾಕು. ಹೊಟ್ಟೆ ತುಂಬ ಉಣ್ಣಲಿ, ಆದರೆ ಹೊಟ್ಟೆ ಬಿರಿಯೋ ಹಾಗೆ ಬೇಡ. ಬೆಳಿಗ್ಗೆ ಸಂಜೆ ನಿಧಾನವಾಗಿ ನಡೆಯಲಿ.”

ಅತ್ತೆಯ ಮುಖ ಕೆಂಪಾಯಿತು. “ಬಸುರೀನ ಉಪಾಸ ಕೆಡವಾಕೆ ನಾವು ಇಷ್ಟು ದೂರ ಬರಬೇಕಾಗಿತ್ತಾ? ಡಾಕ್ಟರಮ್ಮಾ, ಹೊಟ್ಟ್ಯಾಗಿನ ಕೂಸಿಗೆ ಏನು ತಿನ್ನಿಸ್ತೀರಿ, ಗಾಳಿನಾ?”

“ಉಪವಾಸ ಅಂತ ನಾನು ಹೇಳಲಿಲ್ಲ,” ಎಂದರು ಅವರು. ಆಮೇಲೆ ನನ್ನನ್ನು ನೋಡಿ ದನಿ ತಗ್ಗಿಸಿದರು. “ಭಾರದಿಂದಲೇ ಆ ಎರಡೂ ಹೋದವು ಅಂತ ನಾನು ಆಣೆ ಮಾಡಿ ಹೇಳಲಾರೆ. ಭಾರ ಇದ್ದವರು ಹೆತ್ತಿದ್ದಾರೆ, ಇಲ್ಲದವರು ಕಳೆದುಕೊಂಡಿದ್ದಾರೆ. ನಮ್ಮ ಕೈಯಲ್ಲಿರುವುದು ಇದೊಂದು. ಅದನ್ನು ಮಾಡೋಣ. ತಿಂಗಳಿಗೊಮ್ಮೆ ತೂಕ ನೋಡಿಕೊಂಡು ಬನ್ನಿ.”

ಅವರ ಮಾತಿನಲ್ಲಿ ನನಗೆ ಕೇಳಿದ್ದು ‘ಭಾರ’ ಎಂಬುದೊಂದೇ. ಗಾಡಿಯಲ್ಲಿ ವಾಪಸು ಬರುವಾಗ ಅದೇ ಮಾತು ತಲೆಯಲ್ಲಿ. ನಾನೇ ನನ್ನ ಕೂಸುಗಳ ಮೇಲೆ ಮಲಗಿ ಅವನ್ನು ಅರೆದಂತೆ.

ತೂಕ ನೋಡುವುದೆಲ್ಲಿ? ಹೊಳಲ್ಕೆರೆಯಲ್ಲಿ ಮನುಷ್ಯರನ್ನು ತೂಗುವ ಯಂತ್ರ ಯಾರ ಬಳಿ ಇರಬೇಕು? ಯಜಮಾನರು ಒಂದು ಮಧ್ಯಾಹ್ನ ಹಮಾಲರನ್ನೆಲ್ಲ ಊಟಕ್ಕೆ ಕಳಿಸಿ, ಮಂಡಿಯ ಬಾಗಿಲು ಹಾಕಿ, ನನ್ನನ್ನು ಕರೆದರು. ಮೂಟೆ ತೂಗುವ ದೊಡ್ಡ ತಕ್ಕಡಿ ತೊಲೆಯಿಂದ ಇಳಿಬಿದ್ದಿತ್ತು. ಒಂದು ತಟ್ಟೆಯ ಮೇಲೆ ಗೋಣಿ ಹಾಸಿದ್ದರು. ನಾನು ಕೂತೆ. ಸರಪಳಿ ಕೂಗಿತು. ಎಳ್ಳಿನ ಧೂಳು ಮೂಗಿಗೆ ಬಂತು. ಅವರು ಒಂದೊಂದೇ ಕಬ್ಬಿಣದ ಬಟ್ಟು ಎತ್ತಿ ಆ ಕಡೆಯ ತಟ್ಟೆಗೆ ಇಡುತ್ತಾ ಹೋದರು. ನನ್ನ ತಟ್ಟೆ ಏಳಲಿಲ್ಲ. ಇನ್ನೊಂದು ಇಟ್ಟರು. ಏಳಲಿಲ್ಲ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಕೊನೆಗೊಮ್ಮೆ ನನ್ನ ಕಾಲು ನೆಲ ಬಿಟ್ಟಾಗ, ಅವರು ನನ್ನ ಕೈ ಹಿಡಿದು ಇಳಿಸಿದರು.

“ಎಷ್ಟು?” ಎಂದೆ.

“ನಿಂಗ್ಯಾಕೆ? ನಾನು ನೆಪ್ಪಿಟ್ಕಂತೀನಿ,” ಎಂದರು. ಅವರು ಕೊನೆಗೂ ನನಗೆ ಹೇಳಲಿಲ್ಲ. ಆ ದಯೆಯನ್ನು ನಾನು ಮರೆತಿಲ್ಲ.

ಆದರೆ ಹೆದರಿಕೆ ನನ್ನ ಒಳಗೆ ಹೊಕ್ಕಿತ್ತು. ಡಾಕ್ಟರಮ್ಮ ತುಪ್ಪ ಬಿಡು ಎಂದಿದ್ದರು. ನಾನು ಅನ್ನವನ್ನೇ ಬಿಟ್ಟೆ. ಅತ್ತೆ ತಟ್ಟೆ ಇಟ್ಟು ಆ ಕಡೆ ತಿರುಗಿದರೆ ಮುದ್ದೆ ಕೊಟ್ಟಿಗೆಯ ಎಮ್ಮೆಗೆ ಹೋಗುತ್ತಿತ್ತು. ತುತ್ತು ಬಾಯಿಗಿಟ್ಟರೆ ಅದು ಕೊಬ್ಬಾಗಿ ಕೂಸಿನ ಕತ್ತು ಹಿಚುಕುವಂತೆ ಕಾಣುತ್ತಿತ್ತು. ಹಸಿವಾದರೆ ಸಮಾಧಾನ, ಹೊಟ್ಟೆ ತುಂಬಿದರೆ ನಡುಕ. ಮಜ್ಜಿಗೆ ಕುಡಿದು ಹಿತ್ತಲಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದೆ. ಒಂದು ಬೆಳಿಗ್ಗೆ ಬಾವಿಯ ಕಟ್ಟೆಯ ಹತ್ತಿರ ಕಣ್ಣು ಕಪ್ಪಾಯಿತು. ಬಿದ್ದದ್ದು ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ತಲೆ ಅತ್ತೆಯ ತೊಡೆಯ ಮೇಲಿತ್ತು. ಅವರು ನನ್ನ ಬಾಯಿಗೆ ಬೆಲ್ಲದ ನೀರು ಹಾಕುತ್ತಿದ್ದರು. ನಾನು ಹಲ್ಲು ಕಚ್ಚಿ, “ಬ್ಯಾಡ ಅತ್ತೆ, ಕೂಸು ಹೋಗ್ತೈತೆ,” ಎಂದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಲೋಟ ಕೆಳಗಿಟ್ಟರು.

“ಹಾಲಮ್ಮ, ಇಲ್ ಕೇಳು. ಧಾತು ಈಶ್ವರದ ಬರ ಅಂತ ಕೇಳಿದ್ಯಲ್ಲ? ಆಗ ನಾನು ಬಸುರಿ. ಮನ್ಯಾಗೆ ಏನೂ ಇರ್ಲಿಲ್ಲ. ಕತ್ತಾಳೆ ಗಡ್ಡೆ ಬೇಯಿಸ್ಕಂಡು ತಿಂದ್ವಿ. ನನ್ನ ಹೊಟ್ಟೆ ದಿನಾ ಸಣ್ಣಗಾಗ್ತಾ ಬಂತು. ಬಸುರಿ ಹೊಟ್ಟೆ ಸಣ್ಣಗಾಗೋದನ್ನ ನೀನು ಕಂಡಿಲ್ಲ, ನಾನು ಕಂಡೀನಿ. ಹೆತ್ತಾಗ ಅದು ನನ್ನ ಅಂಗೈಯಾಗೆ ಹಿಡೀತಿತ್ತು. ಅಳಲಿಲ್ಲ. ನನ್ನ ಮುಖ ನೋಡ್ತು, ಅಷ್ಟೇ.” ಸೆರಗಿನಿಂದ ನನ್ನ ಬಾಯಿ ಒರೆಸಿ ಹೇಳಿದರು, “ನಿಂಗೆ ತುಪ್ಪ ಹಾಕುವಾಗೆಲ್ಲ ನಾನು ಅದಕ್ಕೇ ಹಾಕ್ತಿದ್ದೆ ಅನ್ನಿಸ್ತೈತೆ. ತಪ್ಪಾತೋ ಸರಿಯಾತೋ ನಂಗೆ ತಿಳೀದು. ಆದ್ರೆ ಹಸ್ಕಂಡು ಮಾತ್ರ ಇರಬ್ಯಾಡ ಕಣವ್ವ. ಅದನ್ನ ನಾನು ಇನ್ನೊಂದ್ಸಲ ನೋಡಲಾರೆ.”

ನಾನು ಆ ಮನೆಗೆ ಬಂದು ಅಷ್ಟು ವರ್ಷವಾಗಿತ್ತು, ಯಜಮಾನರಿಗಿಂತ ಮೊದಲು ಒಂದು ಮಗು ಇತ್ತೆಂದು ನನಗೆ ಗೊತ್ತಿರಲಿಲ್ಲ. ಯಜಮಾನರಿಗೂ ಗೊತ್ತಿರಲಿಲ್ಲ. ಅಂದು ಅತ್ತೆ ಕಟ್ಟಿದ ಮುದ್ದೆಯನ್ನು ನಾನು ಉಂಡೆ. ಅವರೂ ನನ್ನ ಜೊತೆ ಅಷ್ಟೇ ಉಂಡರು. ತುಪ್ಪದ ಗಡಿಗೆ ಅಟ್ಟಕ್ಕೆ ಹೋಯಿತು. ಸಂಜೆ ಇಬ್ಬರೂ ಕೆರೆಯ ಏರಿಯ ತನಕ ನಡೆಯತೊಡಗಿದೆವು. ಊರಿನವರು ಅತ್ತೆ ಸೊಸೆಗೆ ಏನೋ ಹರಕೆ ಇದೆ ಎಂದುಕೊಂಡರು. ಅತ್ತೆ ತಿದ್ದಲಿಲ್ಲ.

ಮುಂದಿನ ತಿಂಗಳು ಆಸ್ಪತ್ರೆಯ ಜಗಲಿಯಲ್ಲಿ ಮಾಳಮ್ಮ ಮತ್ತೆ ಸಿಕ್ಕಳು. ಡಾಕ್ಟರಮ್ಮ ಅವಳಿಗೆ, “ಹಾಲು ಕುಡಿ, ತುಪ್ಪ ತಿನ್ನು, ಕುರಿಯ ಹಿಂದೆ ಹೋಗಬೇಡ,” ಎಂದಿದ್ದರಂತೆ.

“ಕುರಿ ಯಾರು ಕಾಯ್ತಾರೆ ಡಾಕ್ಟರಮ್ಮ ಅಂದೆ,” ಎಂದು ಮಾಳಮ್ಮ ನಕ್ಕಳು. “ಅವರು ಪಾಪ, ಏನ್ ಹೇಳ್ತಾರೆ.”

ನಮ್ಮತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ನನಗಲ್ಲದಿದ್ದರೂ ರೂಢಿಯಿಂದ ಬುತ್ತಿಗೆ ಎರಡು ಉಂಡೆ ಕಟ್ಟಿದ್ದರೆಂದು ಕಾಣುತ್ತದೆ, ಗಂಟು ಬಿಚ್ಚಿ ಅವಳ ಮಡಿಲಿಗೆ ಹಾಕಿದರು. “ತಿನ್ನು. ನನ್ನ ಮುಂದೇ ತಿನ್ನು,” ಎಂದರು. ಮಾಳಮ್ಮ ನನ್ನ ಮುಖ ನೋಡಿದಳು. “ತಿಂದ್ಬಿಡು ಮಾಳಮ್ಮ, ಬಿಡಲ್ಲ ಅವ್ರು,” ಎಂದೆ. ಅಂದಿನಿಂದ ಪ್ರತಿ ತಿಂಗಳು ಒಂದು ಡಬ್ಬಿ ಅವಳಿಗೆಂದೇ ಹೋಗುತ್ತಿತ್ತು. ಅವಳ ಕೆನ್ನೆಯಲ್ಲಿ ಒಂದಿಷ್ಟು ಕಳೆ ಬಂದದ್ದನ್ನು ನಾನೇ ಕಂಡೆ. ನನ್ನ ಮುಂಗೈಯ ಬಳೆ ಸಡಿಲವಾದದ್ದನ್ನು ಅವಳು ಕಂಡಳು. ನಮ್ಮಿಬ್ಬರ ಮಕ್ಕಳೂ ಒಂದೇ ಸುಗ್ಗಿಗೆ ಹುಟ್ಟುತ್ತವೆ ಎಂದು ಲೆಕ್ಕ ಹಾಕಿಕೊಂಡೆವು. ಹಾಗೆ ಬಾಯಿಬಿಟ್ಟು ಹೇಳಿದ್ದಕ್ಕೆ ಆಮೇಲೆ ಮನೆಗೆ ಬಂದು ನಾನು ನಾಲಗೆ ಕಚ್ಚಿಕೊಂಡೆ.

ಐದು ತುಂಬಿ ಆರಕ್ಕೆ ಬಿದ್ದಿತ್ತು. ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಒಳಗೆ ಬಿಸಿಯಾಗಿ ಏನೋ ಇಳಿದಂತಾಯಿತು. ನಾನು ಏಳಲಿಲ್ಲ. ಎದ್ದರೆ ಅದು ನಿಜವಾಗುತ್ತದೆ. ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದೆ. ಇನ್ನೊಂದನ್ನು ತೆಗೆದುಕೊಂಡೆ. ಅತ್ತೆ ಎದುರು ಕೂತಿದ್ದವರು ನನ್ನ ಮುಖ ನೋಡಿ ಮೊರ ಪಕ್ಕಕ್ಕೆ ಸರಿಸಿದರು.

“ಎಷ್ಟು ಹೋಗ್ತೈತೆ?” ಎಂದರು ಮೆಲ್ಲಗೆ.

“ಗೊತ್ತಿಲ್ಲ ಅತ್ತೆ. ನಾನು ನೋಡಲ್ಲ.”

ಅವರೇ ನೋಡಿದರು. ನನ್ನನ್ನು ಅಲ್ಲೇ ಚಾಪೆಯ ಮೇಲೆ ಮಲಗಿಸಿ, ಕಾಲಿನ ಕೆಳಗೆ ದಿಂಬು ಇಟ್ಟರು. ಯಜಮಾನರು ಕೂಡಲೇ ಗಾಡಿ ಕಟ್ಟಿಸಿಕೊಂಡು ದುರ್ಗಕ್ಕೆ ಹೋದರು. ಡಾಕ್ಟರಮ್ಮ ಬರುವಂತಿರಲಿಲ್ಲ, ಒಂದು ಕಷ್ಟದ ಹೆರಿಗೆಯಲ್ಲಿದ್ದರು. ಅಲ್ಲಾಡಿಸಬೇಡಿ, ಗಾಡಿ ಹತ್ತಿಸಬೇಡಿ, ಮಲಗಿದ್ದಲ್ಲೇ ಇರಲಿ ಎಂದು ಹೇಳಿ ಕಳಿಸಿದರು. ಒಂದು ಸೀಸೆ ಔಷಧ ಕೊಟ್ಟಿದ್ದರು. ಅಷ್ಟೇ.

ಆ ದಿನಗಳನ್ನು ಹೇಗೆ ಹೇಳಲಿ? ತೊಲೆಯ ಮೇಲಿನ ಗೆದ್ದಲಿನ ದಾರಿ ನನಗೆ ಬಾಯಿಪಾಠವಾಯಿತು. ಕೆಮ್ಮು ಬಂದರೆ ನುಂಗುತ್ತಿದ್ದೆ. ಸೀನು ಬಂದರೆ ಮೂಗು ಹಿಚುಕಿಕೊಳ್ಳುತ್ತಿದ್ದೆ. ರಕ್ತ ಕಡಿಮೆಯಾಗುತ್ತಾ ಬಂತು, ಆದರೆ ಕೂಸು ಅಲ್ಲಾಡುವುದನ್ನೂ ನಿಲ್ಲಿಸಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದೆ. ನನ್ನ ಮೈಯ ದಪ್ಪಕ್ಕೆ ಅದರ ಅಲುಗಾಟ ನನಗೆ ತಿಳಿಯುತ್ತಿಲ್ಲವೋ, ತಿಳಿಯಲು ಏನೂ ಉಳಿದಿಲ್ಲವೋ? ಅತ್ತೆಯನ್ನು ಕೇಳಲು ಬಾಯಿ ಬರಲಿಲ್ಲ. ಅವರೂ ನನ್ನನ್ನು ಕೇಳಲಿಲ್ಲ. ಇಬ್ಬರೂ ಸೊಪ್ಪಿನ ಮಾತು, ಎಮ್ಮೆಯ ಮಾತು ಆಡುತ್ತಿದ್ದೆವು.

ಒಂದು ಬೆಳಿಗ್ಗೆ ಅತ್ತೆ ನನ್ನ ತಲೆ ಬಾಚುತ್ತಿದ್ದರು. ಹೊಕ್ಕುಳ ಎಡಕ್ಕೆ ಒಳಗಿನಿಂದ ಯಾರೋ ಬೆರಳಿನಿಂದ ತಟ್ಟಿದಂತಾಯಿತು. ಮತ್ತೊಮ್ಮೆ. ನಾನು ಅತ್ತೆಯ ಕೈಯನ್ನು ಬಾಚಣಿಗೆಯ ಸಮೇತ ಎಳೆದು ಅಲ್ಲಿಟ್ಟುಕೊಂಡೆ. ಅವರು ಕಣ್ಣು ಮುಚ್ಚಿಕೊಂಡು ಕಾದರು. ಆಮೇಲೆ ಎದ್ದು ಒಳಗೆ ಹೋದರು. ಅಡಿಗೆಮನೆಯಲ್ಲಿ ಅವರು ಬಿಕ್ಕುವುದು ಕೇಳಿಸಿತು.

ಗಾಡಿ ಹತ್ತಬಹುದು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ ಮೇಲೆ ದುರ್ಗಕ್ಕೆ ಹೋದೆವು. ಬೆಂಚಿನ ಮೇಲೆ ಮಾಳಮ್ಮ ಇರಲಿಲ್ಲ. ಅವಳ ಗಂಡ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ, ಹೆಗಲ ಮೇಲೆ ಕಂಬಳಿಗಳ ಹೊರೆ. ಅತ್ತೆ ಡಬ್ಬಿ ಹಿಡಿದುಕೊಂಡೇ ಕೇಳಿದರು, “ಎಲ್ಲಪ್ಪ ಮಾಳಮ್ಮ?”

“ಒಳಗವ್ಳೆ ಅಮ್ಮ,” ಎಂದ. “ಕೂಸು ಹೋತು. ನಿನ್ನೆ.”

ಅತ್ತೆ ಡಬ್ಬಿಯನ್ನು ಬೆಂಚಿನ ಮೇಲಿಟ್ಟರು. ನಾನು ಡಬ್ಬಿಯ ಪಕ್ಕ ಕೂತೆ. ಅವಳು ತಿಂದಿದ್ದಳು, ಹೇಳಿದ್ದೆಲ್ಲ ಮಾಡಿದ್ದಳು, ಕೆನ್ನೆಗೆ ಕಳೆ ಬಂದಿತ್ತು. ಆದರೂ ಹೋಯಿತು ಅಂದರೆ ನಾನು ಬಿಟ್ಟ ತುಪ್ಪಕ್ಕೆ, ನಡೆದ ದಾರಿಗೆ ಏನು ಅರ್ಥ? ಈ ಯೋಚನೆಯ ಬೆನ್ನಿಗೇ ಇನ್ನೊಂದು ಬಂತು: ಇಬ್ಬರಲ್ಲಿ ಒಬ್ಬಳದು ಹೋಗಲೇಬೇಕಿದ್ದರೆ, ಅವಳದು ಹೋಯಿತು, ನನ್ನದು ಉಳಿಯಬಹುದು. ಅಂಥ ಯೋಚನೆ ಬಂದದ್ದಕ್ಕೆ ನಾನು ಬೆವರಿದೆ. ಹೆದರಿಕೆ ಮನುಷ್ಯರನ್ನು ಎಲ್ಲಿಗೆ ಕರೆದೊಯ್ಯುತ್ತದೆ ನೋಡಿ.

ಒಳಗೆ ಹೋಗಲು ನನಗೆ ಧೈರ್ಯವಿರಲಿಲ್ಲ. ನನ್ನ ಹೊಟ್ಟೆಯನ್ನು ಅವಳ ಕಣ್ಣ ಮುಂದೆ ಹೇಗೆ ಹಿಡಿದು ನಿಲ್ಲಲಿ? ಆದರೆ ಮಾಳಮ್ಮನೇ ಕರೆಸಿದಳು. ಕಬ್ಬಿಣದ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಕೂತದ್ದನ್ನು ಕೇಳಿ ತಿರುಗಿದಳು.

“ನಿಂದು ಅಲ್ಲಾಡ್ತೈತಾ?” ಎಂದಳು.

“ಹೂಂ,” ಎಂದೆ.

“ಹೊರಗೆ ನಮ್ಮೋರು ನಿನ್ನ ಹತ್ರ ಏನಾರ ಅಂದ್ರಾ? ನನ್ನ ಹತ್ರ ಏನೂ ಅನ್ನಲಿಲ್ಲ. ಅದೇ ಕಷ್ಟ.” ಆಮೇಲೆ ಅವಳು, “ಹೋಗು, ಇಲ್ಲಿ ಬಾಳ ಹೊತ್ತು ಕುಂತ್ಕಬ್ಯಾಡ. ಸೂತಕದ ಗಾಳಿ,” ಎಂದಳು. ನಾನು ಹೋಗಲಿಲ್ಲ. ಅತ್ತೆಯೂ ಬಂದು ಅವಳ ಪಾದದ ಹತ್ತಿರ ಕೂತು, ಪಾದ ಒತ್ತತೊಡಗಿದರು. ಜಾತಿ, ಮಡಿ, ಯಾವುದನ್ನೂ ಅವರು ಅಂದು ನೋಡಲಿಲ್ಲ. ಡಾಕ್ಟರಮ್ಮ ಬಂದು ಬಾಗಿಲಲ್ಲಿ ನಿಂತರು. “ಇವಳ ತಪ್ಪಿಲ್ಲ. ನನಗೆ ಕಾರಣ ತಿಳಿಯಲಿಲ್ಲ,” ಎಂದು ಹೇಳಿದರು. ಆ ಹೆಂಗಸಿನ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು ಇತ್ತು.

ಎಂಟನೆಯ ತಿಂಗಳಲ್ಲಿ ಮಠದ ಅಯ್ಯನವರು ಬಂದು ಹೊಟ್ಟೆಯೊಳಗಿನ ಕೂಸಿಗೆ ಲಿಂಗ ಕಟ್ಟುವ ಶಾಸ್ತ್ರ ಮಾಡಿದರು. ಅಲ್ಲಿಯ ತನಕ ನನ್ನ ಯಾವ ಬಸಿರೂ ಬಂದಿರಲಿಲ್ಲ. ಮಂತ್ರ ಮುಗಿಯುವವರೆಗೂ ನಾನು ಉಸಿರು ಬಿಗಿಹಿಡಿದಿದ್ದೆ. ಆ ವಾರವೇ ಕಾಲು ಬಾತವು. ದುರ್ಗದಲ್ಲಿ ಡಾಕ್ಟರಮ್ಮ ನನ್ನ ಮುಂಗಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಕುಳಿ ಬಿತ್ತು. ಕುಳಿ ಹಾಗೇ ಉಳಿಯಿತು. ಅವರು ಅದನ್ನೇ ನೋಡುತ್ತಿದ್ದರು, ನಾನು ಅವರ ಮುಖವನ್ನು ನೋಡುತ್ತಿದ್ದೆ.

“ಊರಿಗೆ ಹೋಗಬೇಡಿ. ಇಲ್ಲೇ ಇರಿ. ತಲೆ ನೋವು ಬಂದರೆ, ಕಣ್ಣು ಮಂಜಾದರೆ ಆ ಕ್ಷಣ ಹೇಳಬೇಕು.”

“ಹೇಳದಿದ್ರೆ?” ಎಂದರು ಅತ್ತೆ.

“ಇಬ್ಬರೂ ಹೋಗಬಹುದು,” ಎಂದರು ಅವರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಯಜಮಾನರ ಪರಿಚಯದ ವ್ಯಾಪಾರಿಯೊಬ್ಬರ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ಅಲ್ಲಿ ನಾನು ಎಡಮಗ್ಗುಲಾಗಿ ಮಲಗಿ, ಕಿಟಕಿಯಿಂದ ಕೋಟೆಯ ಬಂಡೆಗಳನ್ನು ನೋಡುತ್ತಿದ್ದೆ. ಬಂಡೆ ಸ್ಪಷ್ಟವಾಗಿ ಕಂಡರೆ ಕಣ್ಣು ಸರಿಯಿದೆ. ಮೋಡ ಮುಸುಕಿ ಮಂಜಾದರೆ ಎದೆ ಧಸಕ್ಕೆನ್ನುತ್ತಿತ್ತು. “ಅತ್ತೆ, ನಿಮಗೂ ಮಂಜಾಗಿ ಕಾಣ್ತಾ ಐತಾ?” ಎಂದು ದಿನಕ್ಕೆಷ್ಟು ಸಲ ಕೇಳಿದೆನೋ. “ಮೋಡ ಕಣೇ, ಮೋಡ,” ಎನ್ನುತ್ತಿದ್ದರು ಅತ್ತೆ. ನನಗೆ ಏನಾದರೂ ಆದರೆ ಮಂಡಿ ಬಿಟ್ಟುಬಿಡಬೇಡಿ, ಅತ್ತೆಯನ್ನು ಒಂಟಿ ಬಿಡಬೇಡಿ ಎಂದೆಲ್ಲ ಯಜಮಾನರಿಗೆ ಒಂದು ದಿನ ಹೇಳಲು ಹೊರಟೆ. ಅವರು ಎದ್ದು ಹೊರಗೆ ಹೋಗಿಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, “ಅಂಥ ಮಾತು ನನ್ನ ಹತ್ರ ಆಡಬ್ಯಾಡ. ನಾನು ಕೇಳಲಾರೆ,” ಎಂದರು.

ತಲೆನೋವು ಒಂದು ಬೆಳಿಗ್ಗೆ ಬಂತು. ಮೋಡವಿರಲಿಲ್ಲ, ಬಂಡೆ ಮಾತ್ರ ಎರಡೆರಡಾಗಿ ಕಂಡಿತು. ಅತ್ತೆ ನನ್ನನ್ನು ಹೆಗಲಿಗೆ ಹಾಕಿಕೊಂಡಂತೆಯೇ ಆಸ್ಪತ್ರೆಗೆ ನಡೆಸಿದರು. ಆಮೇಲಿನದು ನನಗೆ ಚೂರು ಚೂರಾಗಿ ನೆನಪು. ಡಾಕ್ಟರಮ್ಮನ ತಣ್ಣಗಿನ ಕೈ. ಬಾಯಿಗೆ ಇಟ್ಟ ಬಟ್ಟೆಯ ಸುರುಳಿ. ಅತ್ತೆ ನನ್ನ ತಲೆಯ ಹತ್ತಿರ ನಿಂತು ಶಿವಶಿವಾ ಎನ್ನುತ್ತಿದ್ದುದು. ಬಿಸಿಲು ಗೋಡೆಯ ಮೇಲೆ ಏರಿ ಇಳಿದದ್ದು. ಸತ್ತರೆ ಸಾಯಲಿ, ಇದು ಮುಗಿಯಲಿ ಎಂದು ನಾನು ಕೂಗಿದೆನಂತೆ. ಆಮೇಲೆ ಒಮ್ಮೆಲೇ ಎಲ್ಲ ಸುಮ್ಮನಾಯಿತು.

ಆ ಸುಮ್ಮನಿದ್ದ ಹೊತ್ತು ಎಷ್ಟೆಂದು ಯಾರೂ ಹೇಳಲಾರರು. ಡಾಕ್ಟರಮ್ಮ ಕೂಸನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟುತ್ತಿದ್ದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆಯ ಮುಖದಲ್ಲಿ ರಕ್ತವಿರಲಿಲ್ಲ. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ದನಿ, ಆಮೇಲೆ ಇನ್ನಷ್ಟು, ಆಮೇಲೆ ಇಡೀ ಕೋಣೆ ತುಂಬುವ ಅಳು.

ಹೆಣ್ಣು. ತಿಂಗಳು ತುಂಬುವ ಮೊದಲೇ ಬಂದದ್ದರಿಂದ ಚಿಕ್ಕದು. ಅತ್ತೆ ಅದನ್ನು ಹತ್ತಿಯಲ್ಲಿ ಸುತ್ತಿ ಎದೆಗೆ ಇಟ್ಟುಕೊಂಡು ವಾರಗಟ್ಟಲೆ ಇಳಿಸಲಿಲ್ಲ. ನನ್ನ ಕಾಲಿನ ಬಾವು ಇಳಿಯಿತು, ಕಣ್ಣು ತಿಳಿಯಾಯಿತು. ಹೆದರಿಕೆ ಇಳಿಯಲಿಲ್ಲ. ಮಗು ಮಲಗಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿಯುವ ಅಭ್ಯಾಸ ಅದು ಓಡಾಡುವ ತನಕ ಬಿಡಲಿಲ್ಲ.

ಎಲ್ಲ ಚೆನ್ನಾಯಿತು ಎಂದು ಹೇಳಿ ನಿಲ್ಲಿಸಿದರೆ ಅದು ಪೂರಾ ನಿಜವಲ್ಲ. ಆಮೇಲೆ ನನಗೆ ಒಂದು ಗಂಡು ಮಗುವಾಯಿತು, ಸುಸೂತ್ರವಾಗಿ. ಅದಾದ ಮೇಲೆ ಇನ್ನೊಂದು ಇಳಿದುಹೋಯಿತು. ಆಗ ನಾನು ಮೈ ಇಳಿದು ಹಗುರಾಗಿದ್ದೆ, ಕೆರೆ ಏರಿಯ ತನಕ ಸಲೀಸಾಗಿ ನಡೆಯುತ್ತಿದ್ದೆ. ಡಾಕ್ಟರಮ್ಮ ಹೇಳಿದಂತೆ, ನಮ್ಮ ಕೈಯಲ್ಲಿ ಇದ್ದದ್ದು ಒಂದು, ಇಲ್ಲದ್ದು ಹಲವು. ಮಾಳಮ್ಮನಿಗೆ ಮಕ್ಕಳಾಗಲಿಲ್ಲ. ತಂಗಿ ಸತ್ತ ಮೇಲೆ ಅವಳ ಮಗಳನ್ನು ಸಾಕಿಕೊಂಡಳು. ಈಗಲೂ ದುರ್ಗಕ್ಕೆ ಹೋಗುವಾಗ ಬಂದು, ನಮ್ಮ ಮನೆಯ ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಾಳೆ. ನಮ್ಮತ್ತೆ ತೀರಿಕೊಂಡಾಗ ಅವಳು ಅತ್ತಷ್ಟು ನಮ್ಮ ನೆಂಟರು ಅಳಲಿಲ್ಲ.

ಇದನ್ನೆಲ್ಲ ಬರೆಯಲು ಕೂತದ್ದು ನನ್ನ ಆ ಮಗಳಿಂದ. ಅವಳನ್ನು ಹೊಸದುರ್ಗಕ್ಕೆ ಕೊಟ್ಟಿದ್ದೇವೆ. ಮೈ ನನ್ನದೇ, ತುಂಬಿದ ಮೈ. ಮೊದಲ ಬಸಿರು ಈ ಬೇಸಿಗೆಯಲ್ಲಿ ಇಳಿಯಿತು. ಈಗ ಮತ್ತೆ ನಿಂತಿದೆ. ಹೋದ ವಾರ ಗಾಡಿಯಿಂದ ಇಳಿದವಳು ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತಳು.

“ಅವ್ವಾ, ಬೀದಿಯಾಗೆ ಎಲ್ಲಾರೂ ನಾನು ತಿಂದೇ ಕಳ್ಕಂಡೆ ಅಂತಾರೆ. ಹೌದಾ?”

“ಯಾರ್ ಹೇಳಿದ್ರು? ಅಲ್ಲ ಕಣವ್ವ. ನಾಳೆ ದುರ್ಗಕ್ಕೆ ಹೋಗಾಣ, ತೋರಿಸ್ಕಂಡು ಬರಾಣ. ಏನು ಉಣ್ಣಬೇಕೋ ಎಷ್ಟು ನಡೀಬೇಕೋ ಅಲ್ಲಿನ ಡಾಕ್ಟರು ಹೇಳ್ತಾರೆ, ಅದನ್ನ ಮಾಡಾಣ.”

“ನಂಗೆ ಬಾಳ ಹೆದ್ರಿಕೆ ಆಗ್ತೈತೆ ಅವ್ವಾ.”

ಹೆದರಬೇಡ ಎನ್ನಲು ಬಾಯಿ ತೆರೆದೆ. ನನಗೆ ಯಾರಾದರೂ ಹಾಗೆ ಅಂದಾಗಲೆಲ್ಲ ನಾನು ಇನ್ನಷ್ಟು ಒಂಟಿಯಾಗುತ್ತಿದ್ದೆ. ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು. ನನ್ನದೂ.

“ನಂಗೂ ಆಗ್ತೈತೆ ಮಗಾ,” ಎಂದೆ. “ಬಾ, ಒಳಗೆ ಕುಂತ್ಕಳಾಣ.”